ಕಣ್ಣಿನ ಪಕ್ಕದ ಸೂಜಿ: ಅಳತೆ ಚೀಟಿಯಲ್ಲಿತ್ತು, ನೋಡಿದವರಿರಲಿಲ್ಲ!

ದಾವಣಗೆರೆ: ಮಂಡಿಪೇಟೆಯ ಆ ಕಿರಾಣಿ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲ ಕೆಲಸ ತಕ್ಕಡಿಗೆ ಊದುಬತ್ತಿ ಬೆಳಗುವುದು. ಎರಡನೇ ಕೆಲಸ ಹಿಂದಿನ ದಿನದ ಖಾತೆ ತಾಳೆ ನೋಡುವುದು. ಅಂಗಡಿ ಯಜಮಾನ್ರು ನಲವತ್ತು ವರ್ಷದಿಂದ ಹೀಗೇ ನಡೆಸಿಕೊಂಡು ಬಂದವರು. ಅವರಲ್ಲಿ ಗುಲಗಂಜಿಯಷ್ಟು ಹೆಚ್ಚೂ ಇಲ್ಲ, ಗುಲಗಂಜಿಯಷ್ಟು ಕಮ್ಮಿಯೂ ಇಲ್ಲ. ಅಳತೆ ಅಂದ್ರೆ ಅಳತೆ.

ಅಂಥವರ ಕಣ್ಣಿಗೇ ಅಳತೆ ನೋಡದೆ ಸೂಜಿ ಹಾಕಿಬಿಟ್ಟರು!

ಇದು 2022ರ ಮಾತು. ಬಲಗಣ್ಣಿನ ಪೊರೆ ತೆಗೆಸಲು ಹೋದವರು ಕಣ್ಣುಗುಡ್ಡೆಗೆ ತೂತು ಬಿದ್ದು ಹೊರಬಂದರು. ಯಾರೂ ಬೇಕಂತ ಮಾಡಿದ್ದಲ್ಲ. ನಕಲಿ ಡಾಕ್ಟರ ಕೈಗೆ ಸಿಕ್ಕಿದ್ದೂ ಅಲ್ಲ. ಓದಿದ ಡಾಕ್ಟರು, ಹೆಸರಿದ್ದ ಆಸ್ಪತ್ರೆ, ಹೊಸ ಸೂಜಿ, ಸರಿಯಾದ ಔಷಧಿ. ಆದರೂ ಆಯ್ತು. ಹೇಗಾಯ್ತು? ತಪ್ಪಿಸಲು ಬರುತ್ತಿತ್ತೇ? ಮನೆಯಲ್ಲಿ ಪೊರೆ ಬಂದ ಹಿರಿಯರಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಇದು.

"ನನ್ನ ಹೆಸರು ಬೇಡ, ಆಸ್ಪತ್ರೆ ಹೆಸರೂ ಬೇಡ. ಜಗಳಕ್ಕೆ ಹೋಗೋ ವಯಸ್ಸಲ್ಲ. ಇನ್ನೊಬ್ಬರಿಗೆ ಹಿಂಗಾಗಬಾರದು, ಅಷ್ಟೇ ನೋಡ್ರಿ" ಅಂತಾರೆ ಯಜಮಾನ್ರು.

'ಸೋಡಾಬುಡ್ಡಿ' ಯಜಮಾನ್ರು

ಪೇಟೆಯಲ್ಲಿ ಅವರನ್ನು ಬಲ್ಲವರೆಲ್ಲ ಹಿಂದಿನಿಂದ ಕರೆಯುತ್ತಿದ್ದದ್ದು 'ಸೋಡಾಬುಡ್ಡಿ' ಅಂತ. ಐದನೇ ಕ್ಲಾಸಿನಲ್ಲೇ ಕನ್ನಡಕ ಬಂತು. ಬೋರ್ಡು ಕಾಣದೆ ಮೇಷ್ಟರ ಕೈಲಿ ಏಟು ತಿಂದ ಮೇಲೆ ಮನೆಯವರಿಗೆ ಗೊತ್ತಾಯ್ತಂತೆ. ಮೈನಸ್ ಮೂರರಿಂದ ಶುರುವಾದ ನಂಬರು ಮದುವೆ ಹೊತ್ತಿಗೆ ಮೈನಸ್ ಹನ್ನೆರಡಕ್ಕೆ ಬಂದು ನಿಂತಿತು. ಹತ್ತಿರದ್ದು ಕಾಣುತ್ತೆ, ದೂರದ್ದು ಮಬ್ಬು.

ಅರವತ್ತು ದಾಟಿದ ಮೇಲೆ ಎಲ್ಲರಿಗೂ ಬರುವಂತೆ ಅವರಿಗೂ ಪೊರೆ ಬಂತು. ಖಾತೆಯ 3 ಯಾವುದು, 8 ಯಾವುದು ಎಂದು ಮಗನನ್ನು ಕೇಳುವ ಹಾಗಾಯ್ತು. ಒಂದು ದಿನ ಐನೂರರ ನೋಟಿಗೆ ಇನ್ನೂರು ಅಂದುಕೊಂಡು ಚಿಲ್ಲರೆ ಕೊಟ್ಟರು. ಗಿರಾಕಿ ಪಾಪ, ಹೇಳಿ ವಾಪಸು ಕೊಟ್ಟ. ಅವತ್ತೇ ಯಜಮಾನ್ರು ಆಪರೇಷನ್ನಿಗೆ ಒಪ್ಪಿದರು.

ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಯೂ ಆಯ್ತು. ಬಿ.ಪಿ., ಸಕ್ಕರೆ, ಇ.ಸಿ.ಜಿ. ಕೊನೆಗೆ ಒಂದು ಯಂತ್ರದ ಮುಂದೆ ಗದ್ದ ಇಡಿಸಿ ಕಣ್ಣನ್ನು ಅಳೆದರು. ಎ-ಸ್ಕ್ಯಾನ್ ಅಥವಾ ಬಯೋಮೆಟ್ರಿ ಅಂತ ಅದಕ್ಕೆ ಹೆಸರು. ಪೊರೆ ತೆಗೆದ ಜಾಗಕ್ಕೆ ಯಾವ ನಂಬರಿನ ಲೆನ್ಸ್ ಕೂರಿಸಬೇಕು ಎಂಬ ಲೆಕ್ಕಕ್ಕೆ ಕಣ್ಣಿನ ಉದ್ದ ಬೇಕೇಬೇಕು. ಯಂತ್ರ ಒಂದು ಚೀಟಿ ಕೊಟ್ಟಿತು. ಅದರಲ್ಲಿ ಬಲಗಣ್ಣಿನ ಉದ್ದ 28.6 ಮಿಲಿಮೀಟರ್ ಅಂತಿತ್ತು. ಚೀಟಿಯನ್ನು ಫೈಲಿಗೆ ಪಿನ್ ಮಾಡಿದರು.

ಆಮೇಲೆ ಆ ಚೀಟಿ ನೋಡಿದವರು ಲೆನ್ಸ್ ಆರಿಸಿದವರು ಮಾತ್ರ!

ಸೂಜಿ ಹೋಗುವುದು ಎಲ್ಲಿಗೆ?

ಆಪರೇಷನ್ ದಿನ ಹತ್ತು ಜನ ಸಾಲಾಗಿ ಕೂತಿದ್ದರು. ಹಸಿರು ಗೌನು, ತಲೆಗೆ ಟೋಪಿ, ಆಪರೇಷನ್ ಆಗಬೇಕಾದ ಕಣ್ಣಿನ ಮೇಲೆ ಪೆನ್ನಿನ ಗುರುತು. ಒಬ್ಬೊಬ್ಬರನ್ನೇ ಒಳಗಿನ ಮಂಚಕ್ಕೆ ಕರೆದು ಕಣ್ಣು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಿದ್ದರು. ಆಸ್ಪತ್ರೆ ಭಾಷೆಯಲ್ಲಿ ಇದು 'ಬ್ಲಾಕ್'. ಕೆಲವು ಕಡೆ ಕಣ್ಣಿನ ಡಾಕ್ಟರೇ ಕೊಡುತ್ತಾರೆ, ಕೆಲವು ಕಡೆ ಅರಿವಳಿಕೆ ಡಾಕ್ಟರು.

ಬಹಳ ಜನ ಈ ಸೂಜಿ ಕಣ್ಣಿನೊಳಗೇ ಹೋಗುತ್ತೆ ಅಂದುಕೊಂಡಿದ್ದಾರೆ. ಹಾಗಲ್ಲ. ಕಣ್ಣುಗುಡ್ಡೆ ಎಲುಬಿನ ಗೂಡಿನೊಳಗೆ ಕೂತಿದೆ. ಗೂಡಿನಲ್ಲಿ ಸುಮಾರು 30 ಮಿ.ಲೀ. ಜಾಗವಿದ್ದರೆ ಕಣ್ಣುಗುಡ್ಡೆಯ ಪಾಲು ಸುಮಾರು 7 ಮಿ.ಲೀ. ಮಿಕ್ಕಿದ್ದರಲ್ಲಿ ಕೊಬ್ಬು, ಕಣ್ಣು ತಿರುಗಿಸುವ ಸ್ನಾಯುಗಳು, ರಕ್ತನಾಳ, ನರ. ಕೆಳರೆಪ್ಪೆಯ ಹೊರಬದಿಯಿಂದ ಸೂಜಿ ಹಾಕಿ, ಕಣ್ಣುಗುಡ್ಡೆಯ ಪಕ್ಕದಿಂದ ಜಾರಿಸಿ, ಅಕ್ಕಪಕ್ಕದ ಅಥವಾ ಹಿಂದಿನ ಕೊಬ್ಬಿನಲ್ಲಿ ಒಂದು ಟೀ ಚಮಚೆಯಷ್ಟು ಅಥವಾ ತುಸು ಹೆಚ್ಚು ಔಷಧಿ ಬಿಡುತ್ತಾರೆ. ಐದು–ಹತ್ತು ನಿಮಿಷದಲ್ಲಿ ನೋವು ಹೋಗುತ್ತೆ, ಕಣ್ಣು ಅಲುಗಾಡುವುದು ನಿಲ್ಲುತ್ತೆ.

ಗಮನಿಸಬೇಕಾದ ಮಾತು ಇದು: ಸೂಜಿಯ ಮೊನೆ ಎಲ್ಲಿದೆ ಎಂದು ಕೊಡುವವರಿಗೆ ಕಾಣುವುದಿಲ್ಲ. ಅಂದಾಜು, ಅನುಭವ, ಕೈಯ ಹದ, ಇಷ್ಟರ ಮೇಲೇ ನಡೆಯುವ ಕೆಲಸ.

ವಿಧಾನ ಹೊಸದೇನಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಎಂಬ ಡಾಕ್ಟರು ಕೊಕೇನ್ ಹನಿ ಬಿಟ್ಟರೆ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿಕೊಟ್ಟರು. ಅದೇ ವರ್ಷ ನ್ಯೂಯಾರ್ಕಿನ ಹರ್ಮನ್ ನ್ಯಾಪ್ ಕಣ್ಣುಗುಡ್ಡೆಯ ಹಿಂದಕ್ಕೆ ಸೂಜಿಯಲ್ಲಿ ಕೊಕೇನ್ ಕೊಟ್ಟರು. ಈಗ ಕೊಕೇನ್ ಜಾಗದಲ್ಲಿ ಲಿಗ್ನೊಕೇನ್, ಬುಪಿವಕೇನ್ ಬಂದಿವೆ. 1986ರಲ್ಲಿ ಡೇವಿಸ್ ಮತ್ತು ಮ್ಯಾಂಡೆಲ್ ಎಂಬ ಅಮೆರಿಕದ ಡಾಕ್ಟರುಗಳು, ಸೂಜಿಯನ್ನು ಅಷ್ಟು ಆಳಕ್ಕೆ ಇಳಿಸದೆ ಕಣ್ಣಿನ ಸುತ್ತಲ ಕೊಬ್ಬಿಗೆ ಔಷಧಿ ಬಿಡುವ ವಿಧಾನವನ್ನು ಪ್ರಕಟಿಸಿದರು. ಅಪಾಯ ಕಮ್ಮಿಯಾಯ್ತು. ಪೂರ್ತಿ ಹೋಗಲಿಲ್ಲ.

ಉದ್ದ ಕಣ್ಣು, ಗಿಡ್ಡ ಕಣ್ಣು

ಎಲ್ಲರ ಕಣ್ಣೂ ಒಂದೇ ಅಳತೆಯದಲ್ಲ. ಸಾಮಾನ್ಯ ಕಣ್ಣು ಮುಂದಿನಿಂದ ಹಿಂದಕ್ಕೆ 23–24 ಮಿ.ಮೀ. ಇರುತ್ತೆ. ಮೈನಸ್ ನಂಬರಿನವರ ಕಣ್ಣು ಉದ್ದ. ಒಂದು ಮಿಲಿಮೀಟರ್ ಉದ್ದ ಹೆಚ್ಚಿದರೆ ಹೆಚ್ಚುಕಮ್ಮಿ ಎರಡೂವರೆ–ಮೂರು ನಂಬರು ಏರುತ್ತದೆ. ಯಜಮಾನ್ರ ಕಣ್ಣು ಸಾಮಾನ್ಯಕ್ಕಿಂತ ಸುಮಾರು ಐದು ಮಿಲಿಮೀಟರ್ ಉದ್ದವಿತ್ತು.

ಐದು ಮಿಲಿಮೀಟರ್ ಏನು ಮಹಾ ಅನ್ನಬಹುದು. ಒಂದು ತೊಗರಿಬೇಳೆಯಷ್ಟು. ಆದರೆ ಎಲುಬಿನ ಗೂಡು ಅಷ್ಟೇ ಇರುತ್ತೆ, ಒಳಗಿನ ಗುಡ್ಡೆ ಉದ್ದವಾಗಿ ಹಿಂದಕ್ಕೆ ಚಾಚಿರುತ್ತೆ. ಸೂಜಿ ಹೋಗುವ ದಾರಿಗೆ ಅದೇ ಅಡ್ಡ. ಸಾಲದ್ದಕ್ಕೆ ಉದ್ದ ಕಣ್ಣಿನ ಗೋಡೆ ತೆಳುವಾಗಿರುತ್ತೆ, ಊದಿದ ಬಲೂನಿನ ರಬ್ಬರು ತೆಳುವಾಗುವ ಹಾಗೆ. ಕೆಲವರಿಗೆ ಹಿಂಭಾಗದಲ್ಲಿ ಗೋಡೆ ಒಂದು ಕಡೆ ಉಬ್ಬಿಕೊಂಡಿರುವುದೂ ಉಂಟು. ಸಾಮಾನ್ಯ ಕಣ್ಣಿನ ಪಕ್ಕದಲ್ಲಿ ಸಲೀಸಾಗಿ ಜಾರಿಹೋಗುವ ಸೂಜಿ ಇಂಥ ಕಣ್ಣಿಗೆ ನೇರ ಚುಚ್ಚಿಕೊಳ್ಳುತ್ತದೆ.

ಎಷ್ಟು ಜನಕ್ಕೆ ಹೀಗಾಗುತ್ತೆ? ಸಾಮಾನ್ಯ ಕಣ್ಣಿನಲ್ಲಿ ಬಹಳ ಅಪರೂಪ. ಸಾವಿರಾರು ಇಂಜೆಕ್ಷನ್ನಿಗೆ ಒಂದು. ಆದರೆ 26 ಮಿ.ಮೀ. ಹಾಗೂ ಅದಕ್ಕಿಂತ ಉದ್ದದ ಕಣ್ಣುಗಳಲ್ಲಿ 140ಕ್ಕೆ ಒಂದರಂತೆ ಆಗಬಹುದೆಂದು 1991ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಅಂದಿನಿಂದ ಪ್ರಪಂಚದ ಕಣ್ಣಿನ ಡಾಕ್ಟರುಗಳೆಲ್ಲ ಓದಿಕೊಂಡು ಬಂದಿರುವ ಸಂಗತಿ ಇದು.

ಸೂಜಿಯ ಉದ್ದದ ವಿಷಯವೂ ಹಾಗೇ. ಹಿಂದೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಸೂಜಿ ಬಳಕೆಯಲ್ಲಿತ್ತು. 1989ರಲ್ಲಿ ತಲೆಬುರುಡೆಗಳ ಕಣ್ಣಿನ ಗೂಡನ್ನು ಅಳೆದು ನೋಡಿದ ಡಾಕ್ಟರುಗಳು 31 ಮಿ.ಮೀ. ಮೀರಬಾರದೆಂದರು. ಈಗ 25 ಮಿ.ಮೀ. ಸಾಕೆಂಬುದು ಬಹಳ ಕಡೆಯ ರೂಢಿ. ಹಿಂದೆ ರೋಗಿಗೆ 'ಮೇಲಕ್ಕೆ, ಮೂಗಿನ ಕಡೆಗೆ ನೋಡಿ' ಅನ್ನುತ್ತಿದ್ದರು. ಹಾಗೆ ನೋಡಿದರೆ ದೃಷ್ಟಿನರ ಸೂಜಿಯ ದಾರಿಗೇ ಬಂದು ನಿಲ್ಲುತ್ತದೆ ಎಂದು 1981ರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಗೊತ್ತಾಯ್ತು. ಈಗ 'ನೇರ ನೋಡಿ' ಅಂತಾರೆ.

'ಅಯ್ಯೋ' ಅನ್ನಲಿಲ್ಲ

ಯಜಮಾನ್ರ ಸರದಿ ಏಳನೆಯದು. ಫೈಲುಗಳೆಲ್ಲ ಆಪರೇಷನ್ ಕೋಣೆಯ ಮೇಜಿನ ಮೇಲೆ. ಸೂಜಿ ಕೊಡುತ್ತಿದ್ದದ್ದು ಪಕ್ಕದ ಕೋಣೆಯಲ್ಲಿ. ಕನ್ನಡಕ ಹೊರಗೆ ಮಗನ ಜೇಬಿನಲ್ಲಿ. ಸೋಡಾಬುಡ್ಡಿ ಕಣ್ಣಮುಂದೆ ಇದ್ದಿದ್ದರೆ ಸೂಜಿ ಹಿಡಿದವರಿಗೆ ಎಚ್ಚರವಾಗುತ್ತಿತ್ತೇನೋ!

"ಆರು ಜನ ಹೋಗಿ ಬಂದ್ರು, 'ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೇ' ಅಂದ್ರು. ನನಗೆ ಹಂಗಾಗಲಿಲ್ಲ. ಕಣ್ಣೊಳಗೆ ಸಿಡಿಲು ಹೊಡೆದಂಗಾಯ್ತು. ಬೆಳಕು ಫಳ್ ಅಂತು, ಆಮೇಲೆ ಕತ್ತಲೆ. ಆದ್ರೂ ಬಾಯಿ ಬಿಡಲಿಲ್ಲ. ಡಾಕ್ಟ್ರ ಮುಂದೆ ಅಯ್ಯೋ ಅಂದ್ರೆ ಏನಂದ್ಕೊಂಡಾರು ಅಂತ ಹಲ್ಲು ಕಚ್ಚಿ ಮಲಗಿದ್ದೆ."

ಇದೇ ನಮ್ಮ ಜನರ ಸ್ವಭಾವ. ಅಂಗಡಿಯಲ್ಲಿ ಎಂಟಾಣೆಗೆ ಹತ್ತು ಮಾತಾಡುವವರು ಆಸ್ಪತ್ರೆ ಮಂಚದ ಮೇಲೆ ಮೂಕರು.

ಕಣ್ಣುಗುಡ್ಡೆಗೆ ಸೂಜಿ ತಗುಲಿದರೆ ಕಾಣುವ ಲಕ್ಷಣಗಳು ಹೀಗೆ: ತಡೆಯಲಾರದ ನೋವು, ಬೆಳಕು ಮಿಂಚಿದಂತಾಗಿ ದೃಷ್ಟಿ ತಟ್ಟನೆ ಇಳಿಯುವುದು, ಕಣ್ಣು ಮುಟ್ಟಿದರೆ ಗಾಳಿ ಹೋದ ಚೆಂಡಿನಂತೆ ಮೆತ್ತಗಾಗಿರುವುದು. ಔಷಧಿಯೂ ಒಳಗೇ ಹೋಗಿದ್ದರೆ ಅದಕ್ಕೆ ವಿರುದ್ಧವಾಗಿ ಕಲ್ಲಿನಂತೆ ಗಟ್ಟಿಯಾಗುವುದು. ಕೆಲವರಿಗೆ ನೋವೇ ಇರುವುದಿಲ್ಲ. ಒಂದೆರಡು ದಿನ ಬಿಟ್ಟು ಕಣ್ಣಮುಂದೆ ಕರಿ ನೂಲು, ನುಸಿ ಹಾರಾಡಿದಂತೆ ಅಥವಾ ಪರದೆ ಇಳಿದಂತೆ ಆದಾಗಲೇ ಗೊತ್ತಾಗುವುದು.

ಯಜಮಾನ್ರ ಅದೃಷ್ಟಕ್ಕೆ ಆಪರೇಷನ್ ಮಾಡಲು ಬಂದ ಡಾಕ್ಟರು ಕೈಯಿಟ್ಟ ಕೂಡಲೇ ಕಣ್ಣು ಮೆತ್ತಗಿದ್ದದ್ದನ್ನು ಕಂಡುಹಿಡಿದರು. ಅಲ್ಲಿಗೇ ಆಪರೇಷನ್ ನಿಲ್ಲಿಸಿದರು. ಪೊರೆ ಅಡ್ಡ ಇದ್ದದ್ದರಿಂದ ಒಳಗೆ ನೇರವಾಗಿ ನೋಡಲಾಗಲಿಲ್ಲ. ಸ್ಕ್ಯಾನ್ ಮಾಡಿದಾಗ ಒಳಗೆ ರಕ್ತ ಕಂಡಿತು.

ಡಾಕ್ಟರು ಹೊರಗೆ ಬಂದು ಮಗನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: "ಸೂಜಿ ಕಣ್ಣುಗುಡ್ಡೆಗೆ ತಗುಲಿದೆ. ಆಗಬಾರದಿತ್ತು, ಆಗಿದೆ. ಈಗ ಹೊತ್ತು ಕಳೆಯೋದು ಬೇಡ. ಅಕ್ಷಿಪಟಲದ ಡಾಕ್ಟರಿಗೆ ಪತ್ರ ಕೊಡ್ತೀನಿ, ಇವತ್ತೇ ಹೊರಡ್ರಿ."

ಮಗನಿಗೆ ಕೋಪ ನೆತ್ತಿಗೇರಿತು. ಜೊತೆಗಿದ್ದ ನಾಲ್ಕು ಜನ ತೋಳು ಮಡಿಸಿದರು. ಒಳಗೆ ಮಲಗಿದ್ದ ಯಜಮಾನ್ರಿಗೆ ಗಲಾಟೆ ಕೇಳಿಸಿತು. ಕೂಗಿ ಹೇಳಿದರು: "ಲೇ, ಗಾಜು ಆಮೇಲೆ ಒಡಿಯೋಣ. ಮೊದಲು ಕಣ್ಣು ನೋಡ್ಕೊಳ್ಳೋಣ ನಡಿ."

ಹುಬ್ಬಳ್ಳಿ ದಾರಿ

ಸಂಜೆಯೇ ಕಾರು ಮಾಡಿಕೊಂಡು ಹೊರಟರು. ಹರಿಹರ, ರಾಣೆಬೆನ್ನೂರು, ಹಾವೇರಿ. ದಾರಿಯುದ್ದಕ್ಕೂ ಯಜಮಾನ್ರು ಒಂದೇ ಮಾತು ಕೇಳುತ್ತಿದ್ದರಂತೆ: "ಎಡಗಣ್ಣು ಮುಚ್ಚಿದ್ರೆ ಏನೂ ಕಾಣಲ್ಲ ಕಣೋ, ದೀಪನೂ ಕಾಣಲ್ವಲ್ಲೋ." ಮಗನ ಹತ್ತಿರ ಉತ್ತರವಿರಲಿಲ್ಲ.

ಹುಬ್ಬಳ್ಳಿಯ ಅಕ್ಷಿಪಟಲ ತಜ್ಞರು ನೋಡಿದರು. ಸೂಜಿ ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬಂದಿತ್ತು. ಎರಡು ತೂತು. ಅಕ್ಷಿಪಟಲ ಒಂದು ಮೂಲೆಯಲ್ಲಿ ಗೋಡೆ ಬಿಟ್ಟು ಏಳಲು ಶುರುವಾಗಿತ್ತು. ಕ್ಯಾಮೆರಾಕ್ಕೆ ಫಿಲಂ ಇದ್ದಂತೆ ಕಣ್ಣಿಗೆ ಅಕ್ಷಿಪಟಲ. ಅದು ಪೂರ್ತಿ ಬಿಟ್ಟುಕೊಂಡರೆ ಮುಗಿಯಿತು.

ಸೂಜಿಯ ಸಹವಾಸ ಬೇಡವೆಂದು ಪೂರ್ತಿ ಮತ್ತು ಕೊಟ್ಟು ಆಪರೇಷನ್ ಮಾಡಿದರು. ಪೊರೆ ತೆಗೆದರು, ಒಳಗಿನ ರಕ್ತ ಸೇರಿದ ಲೋಳೆಯನ್ನು ತೆಗೆದರು, ತೂತುಗಳ ಸುತ್ತ ಲೇಸರ್ ಬೆಸುಗೆ ಹಾಕಿದರು, ಅಕ್ಷಿಪಟಲ ಗೋಡೆಗೆ ಒತ್ತಿ ಕೂರಲೆಂದು ಅನಿಲ ತುಂಬಿದರು. ಆಮೇಲೆ ವಾರಗಟ್ಟಲೆ ಬೋರಲು ಮಲಗುವ ಶಿಕ್ಷೆ. ಊಟಕ್ಕೂ ತಲೆ ಎತ್ತುವಂತಿಲ್ಲ. ಮನೆಯಾಕೆ ನೆಲದ ಮೇಲೆ ಕೂತು ಮುದ್ದೆ ಮುರಿದು ಬಾಯಿಗಿಟ್ಟರು.

ಕಣ್ಣು ಉಳಿಯಿತು. ಪೂರ್ತಿ ಅಲ್ಲ. ಬಲಗಣ್ಣಿನಲ್ಲಿ ಈಗ ಬಸ್ಸಿನ ಬೋರ್ಡು ಓದಬಲ್ಲರು. ಖಾತೆಯ ಅಂಕಿ ಕಾಣುವುದಿಲ್ಲ. ಡಾಕ್ಟರು ಆ ದಿನವೇ ನಿಜ ಹೇಳದೆ, 'ಸರಿಹೋಗುತ್ತೆ, ವಾರ ಬಿಟ್ಟು ಬನ್ನಿ' ಅಂದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಇದನ್ನು ಯಜಮಾನ್ರೇ ಒಪ್ಪುತ್ತಾರೆ. "ತಪ್ಪು ಅವರದ್ದೇ. ಆದ್ರೆ ಮುಚ್ಚಿಡಲಿಲ್ಲ. ಅದಕ್ಕೇ ಗಾಜು ಒಡೀಲಿಲ್ಲ ನೋಡ್ರಿ."

ಹಳೇ ಕ್ಯಾಂಪು, ಹೊಸ ಯಂತ್ರ

ಕಣ್ಣಾಪರೇಷನ್ ಅಂದ ಕೂಡಲೇ ಈ ಸೀಮೆಯ ಹಿರಿಯರಿಗೆ ನೆನಪಾಗುವುದು ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ, ಊರೂರಲ್ಲಿ ಕ್ಯಾಂಪು ನಡೆಸಿ, ಬಡವರ ಪೊರೆ ತೆಗೆದ ಪುಣ್ಯಾತ್ಮರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ದೊಡ್ಡ ದಾಖಲೆ. 2005ರಲ್ಲಿ ತೀರಿಕೊಂಡರು.

ಆಗಿನ ಕ್ಯಾಂಪುಗಳಲ್ಲಿ ಪೊರೆ ತೆಗೆದು ಬಿಡುತ್ತಿದ್ದರು, ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಆಮೇಲೆ ದಪ್ಪ ಕನ್ನಡಕ. ಲೆನ್ಸ್ ಇಲ್ಲದ ಮೇಲೆ ಕಣ್ಣಿನ ಉದ್ದ ಅಳೆಯುವ ಕೆಲಸವೇ ಇರಲಿಲ್ಲ. ಯಾರ ಕಣ್ಣು ಎಷ್ಟುದ್ದ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳುವವರೂ ಇರಲಿಲ್ಲ.

ಇವತ್ತು ಹಾಗಲ್ಲ. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯಿರಲಿ, ಉಚಿತ ಶಿಬಿರದಿಂದ ಬಸ್ಸಿನಲ್ಲಿ ಕರೆದೊಯ್ದ ರೋಗಿಯೇ ಇರಲಿ, ಲೆನ್ಸ್ ಹಾಕಬೇಕಾದರೆ ಕಣ್ಣು ಅಳೆಯಲೇಬೇಕು. ಚೀಟಿ ಫೈಲಿನಲ್ಲಿ ಇದ್ದೇ ಇರುತ್ತೆ. ಹೊಸ ಯಂತ್ರ ತರಬೇಕಿಲ್ಲ, ಹೊಸ ಪರೀಕ್ಷೆ ಬೇಕಿಲ್ಲ. ಲೆನ್ಸ್ ಆರಿಸುವವರು ನೋಡುವ ಅದೇ ಅಂಕಿಯನ್ನು ಸೂಜಿ ಹಿಡಿಯುವವರೂ ನೋಡಬೇಕು. ಅಷ್ಟೇ.

ಇನ್ನೆರಡು ಅಪಾಯ

ತೂತು ಬೀಳುವುದೊಂದೇ ಅಲ್ಲ, ಈ ಸೂಜಿಯಿಂದ ಇನ್ನೆರಡು ಅಪಾಯಗಳಿವೆ. ಇವೂ ಅಪರೂಪವೇ.

ಒಂದು, ಕಣ್ಣಿನ ಹಿಂದಿನ ರಕ್ತನಾಳಕ್ಕೆ ಸೂಜಿ ತಗುಲಿ ರಕ್ತ ಕಟ್ಟಿಕೊಳ್ಳುವುದು. ನೋಡನೋಡುತ್ತಿದ್ದಂತೆ ಕಣ್ಣು ಹೊರಗೆ ತಳ್ಳಿಕೊಂಡು ಗಟ್ಟಿಯಾಗುತ್ತೆ. ಒತ್ತಡ ಹೆಚ್ಚಾದರೆ ದೃಷ್ಟಿನರಕ್ಕೇ ಪೆಟ್ಟು. ಆಗ ರೆಪ್ಪೆಯ ಮೂಲೆ ಕತ್ತರಿಸಿ ಒತ್ತಡ ಇಳಿಸಬೇಕಾಗುತ್ತೆ. ಹೃದಯದ ತೊಂದರೆಗೆ ರಕ್ತ ತಿಳಿಯಾಗುವ ಮಾತ್ರೆ ನುಂಗುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಹಾಗಂತ ತಾವೇ ಮಾತ್ರೆ ನಿಲ್ಲಿಸಕೂಡದು.

ಎರಡು, ದೃಷ್ಟಿನರದ ಹೊದಿಕೆಯೊಳಗೆ ಔಷಧಿ ಹೋಗಿ ಮೆದುಳಿನ ಬುಡ ಮುಟ್ಟುವುದು. ಕೆಲವೇ ನಿಮಿಷದಲ್ಲಿ ಮಾತು ತೊದಲಿ, ಎಚ್ಚರ ತಪ್ಪಿ, ಉಸಿರೇ ನಿಲ್ಲಬಹುದು. ಪಕ್ಕದಲ್ಲಿ ಆಮ್ಲಜನಕ, ಉಸಿರು ಕೊಡುವ ಚೀಲ, ಅದನ್ನು ಬಳಸಬಲ್ಲವರು ಇದ್ದರೆ ಔಷಧಿಯ ಪ್ರಭಾವ ಇಳಿದ ಮೇಲೆ ರೋಗಿ ಎದ್ದು ಕೂರುತ್ತಾರೆ. ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಸೂಜಿ ಕೊಟ್ಟ ಮೇಲೆ ರೋಗಿಯನ್ನು ಬೆಂಚಿನ ಮೇಲೆ ಒಂಟಿಯಾಗಿ ಕೂರಿಸಿ ಹೋಗಬಾರದು ಅನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯವರಿಗೆ ಕಣ್ಣಿನೊಳಗೇ ಕೊಡುವ ಇಂಜೆಕ್ಷನ್ ಒಂದಿದೆ. ಅದು ಅಳೆದು, ಗುರುತು ಮಾಡಿ, ಬೇಕೆಂದೇ ಒಳಗೆ ಕೊಡುವ ಚಿಕಿತ್ಸೆ. ಇದಕ್ಕೂ ಅದಕ್ಕೂ ಗೊಂದಲ ಮಾಡಿಕೊಂಡು ಯಾರೂ ಆ ಚಿಕಿತ್ಸೆ ಬಿಡಬಾರದು.

ಪಾರ್ಲರಿನ ಸೂಜಿ

ಆಸ್ಪತ್ರೆ ಸೂಜಿಯ ಮಾತು ಇದಾದರೆ, ಈಚೆಗೆ ಬಂದಿರುವ ಅಂದದ ಸೂಜಿಯ ಮಾತೂ ಹೇಳಬೇಕು. ಮೂಗು ನೇರ ಮಾಡಲು, ಹುಬ್ಬಿನ ನಡುವಿನ ಗೆರೆ ತುಂಬಲು 'ಫಿಲ್ಲರ್' ಎಂಬ ಅಂಟನ್ನು ಚರ್ಮದಡಿಗೆ ಕೊಡುತ್ತಾರೆ. ಹುಬ್ಬಿನ ನಡುವೆ, ಮೂಗಿನ ಮೇಲೆ ಹರಿಯುವ ಸಣ್ಣ ರಕ್ತನಾಳಗಳು ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳೇ. ಸೂಜಿ ನಾಳದೊಳಗೆ ಹೊಕ್ಕು ಜೋರಾಗಿ ಒತ್ತಿದರೆ ಅಂಟು ಹಿಮ್ಮುಖವಾಗಿ ಹರಿದು ಅಕ್ಷಿಪಟಲದ ರಕ್ತ ನಿಲ್ಲಿಸಿಬಿಡುತ್ತದೆ. ಕಣ್ಣಿಗೆ ಸೂಜಿ ತಾಗಿರುವುದೇ ಇಲ್ಲ, ಕಣ್ಣು ಮಾತ್ರ ಹೋಗಿರುತ್ತೆ!

ಇಂಥ 98 ಪ್ರಕರಣಗಳನ್ನು 2015ರಲ್ಲಿ ಒಂದು ವೈದ್ಯ ತಂಡ ಪಟ್ಟಿ ಮಾಡಿತು. 2019ರಲ್ಲಿ ಅದೇ ತಂಡ ಇನ್ನೂ 48 ಸೇರಿಸಿತು. ಹೋದ ದೃಷ್ಟಿ ಮರಳಿ ಬಂದವರು ಕಮ್ಮಿ. ಮುಖಕ್ಕೆ ಸೂಜಿ ಹಾಕಿಸಿಕೊಳ್ಳುವ ಹೆಣ್ಣುಮಕ್ಕಳು, ಗಂಡುಮಕ್ಕಳು ಕೊಡುವವರು ಡಾಕ್ಟರೇ ಅಂತ ಮೊದಲು ಕೇಳಬೇಕು. ಚುಚ್ಚುವಾಗ ಕಣ್ಣು ಮಂಜಾದರೆ ಅಲ್ಲೇ ಕೈ ಹಿಡಿದು ನಿಲ್ಲಿಸಬೇಕು. ಕಣ್ಣಿನ ಆಸ್ಪತ್ರೆಗೆ ಓಡಬೇಕಾದದ್ದು ನಾಳೆಯಲ್ಲ, ಆ ನಿಮಿಷವೇ.

ಸೂಜಿ ಇಲ್ಲದ ದಾರಿ

ಹಾಗಾದರೆ ಪೊರೆ ಆಪರೇಷನ್ ಬೇಡವೇ? ಹಾಗೆಂದವರು ಯಾರು! ಪೊರೆ ಬಿಟ್ಟರೆ ಕುರುಡುತನ ಖಂಡಿತ, ಸೂಜಿಯ ಅಪಾಯ ಅಪರೂಪ. ಉದ್ದ ಕಣ್ಣಿನವರಿಗೆ ಬೇರೆ ದಾರಿಗಳೂ ಇವೆ.

ಮೊದಲನೆಯದು ಬರೀ ಹನಿ. ಮರಗಟ್ಟಿಸುವ ಔಷಧಿಯನ್ನು ಹನಿಯಾಗಿ ಬಿಟ್ಟು ಪೊರೆ ತೆಗೆಯುತ್ತಾರೆ. ಮುಟ್ಟಿದ್ದು ಗೊತ್ತಾಗುತ್ತೆ, ನೋವಿರುವುದಿಲ್ಲ. ಆದರೆ ರೋಗಿ ಅಲುಗಾಡದೆ, ಹೇಳಿದ ಕಡೆ ನೋಡುತ್ತಾ ಇರಬೇಕು. ಎರಡನೆಯದು 'ಸಬ್-ಟೆನನ್'. ಹನಿ ಬಿಟ್ಟು, ಕಣ್ಣಿನ ಬಿಳಿಯ ಮೇಲಿನ ಪದರವನ್ನು ಚೂರು ಕತ್ತರಿಸಿ, ಮೊನೆಯಿಲ್ಲದ ಮೊಂಡು ಕೊಳವೆಯಿಂದ ಔಷಧಿ ಬಿಡುವುದು. ಅಪಾಯ ಸೊನ್ನೆಯಲ್ಲ, ಆದರೆ ಚೂಪು ಸೂಜಿಗಿಂತ ಬಹಳ ಕಮ್ಮಿ. ಇವೆರಡೂ ಆಗದಿದ್ದರೆ ಪೂರ್ತಿ ಮತ್ತು.

ಯಜಮಾನ್ರ ಎಡಗಣ್ಣಿಗೂ ಪೊರೆ ಬಲಿಯುತ್ತಿತ್ತು. ಒಂದು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದನ್ನೇ ಬಿಟ್ಟರು. ಇದ್ದ ಒಂದು ಒಳ್ಳೆ ಕಣ್ಣನ್ನು ಯಾರ ಕೈಗೆ ಕೊಡುವುದು? ಕೊನೆಗೆ 2023ರಲ್ಲಿ ಸೊಸೆ ಹಟ ಹಿಡಿದು ಕರೆದೊಯ್ದಳು. ಈ ಸಲ ಯಜಮಾನ್ರು ಅಳತೆ ಚೀಟಿಯನ್ನು ಫೈಲಿಗೆ ಪಿನ್ ಮಾಡಲು ಬಿಡಲಿಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೂ ಕೈಯಲ್ಲೇ ಹಿಡಿದಿದ್ದರು. ಡಾಕ್ಟರು ಚೀಟಿ ನೋಡಿ, "ಯಜಮಾನ್ರೇ, ನಿಮಗೆ ಸೂಜಿ ಹಾಕೋದಿಲ್ಲ, ಹನೀಲೇ ಮುಗಿಸ್ತೀನಿ. ಕೆಮ್ಮು ಬಂದ್ರೆ ಮೊದಲೇ ಹೇಳ್ರಿ" ಅಂದರು. ಅರ್ಧ ಗಂಟೆಯೊಳಗೆ ಮುಗಿಯಿತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರು. ತಾರೀಖು ಓದಿದರು. ಸೊಸೆ ಅತ್ತಳು.

ಹೇಳಬೇಕಾದ್ದು, ಕೇಳಬೇಕಾದ್ದು

ಪೊರೆ ಆಪರೇಷನ್ನಿಗೆ ಹೋಗುವವರು ನೆನಪಿಡಬೇಕಾದ ಸಂಗತಿಗಳು ಹೆಚ್ಚಿಲ್ಲ.

ಚಿಕ್ಕಂದಿನಿಂದ ಮೈನಸ್ ಕನ್ನಡಕ ಇದ್ದರೆ ಹೇಳಿ. ಹಳೇ ಕನ್ನಡಕವನ್ನೂ ತೆಗೆದುಕೊಂಡು ಹೋಗಿ. ನಂಬರು ಗೊತ್ತಿಲ್ಲವೇ? ಕನ್ನಡಕದ ಹಿಂದೆ ಕಣ್ಣು ಚಿಕ್ಕದಾಗಿ ಕಂಡರೆ ಅದು ಮೈನಸ್ಸು, ದೊಡ್ಡದಾಗಿ ಕಂಡರೆ ಪ್ಲಸ್ಸು.

ಲೇಸರ್ ಮಾಡಿಸಿ ಕನ್ನಡಕ ತೆಗೆಸಿಕೊಂಡವರು ತಪ್ಪದೇ ಹೇಳಬೇಕು. ಲೇಸರಿನಿಂದ ಕನ್ನಡಕ ಹೋಗುತ್ತೆ, ಕಣ್ಣಿನ ಉದ್ದ ಹೋಗುವುದಿಲ್ಲ. ಹಿಂದೆ ಅಕ್ಷಿಪಟಲ ಕಿತ್ತುಬಂದು ಕಣ್ಣಿನ ಸುತ್ತ ಪಟ್ಟಿ ಕಟ್ಟಿಸಿಕೊಂಡವರೂ ಹೇಳಬೇಕು.

ಕೆಮ್ಮು, ದಮ್ಮು, ಕಿವಿ ಮಂದ, ಅಂಗಾತ ಮಲಗಲಾಗದು, ಇಂಥವಿದ್ದರೆ ಹೇಳಿ. ಸೂಜಿ ಒಳಗಿರುವಾಗ ರೋಗಿ ಬೆಚ್ಚಿ ತಲೆ ತಿರುಗಿಸಿದರೆ ಎಂಥ ನುರಿತ ಕೈಯೂ ತಪ್ಪುತ್ತದೆ.

ಆಮೇಲೆ ಒಂದೇ ಪ್ರಶ್ನೆ ಕೇಳಿ: "ನನ್ನ ಕಣ್ಣಿನ ಉದ್ದ ಎಷ್ಟು? ಸೂಜಿ ಕೊಡೋರು ನೋಡಿದ್ದಾರಾ?" ಸೂಜಿ ಹಾಕುವಾಗ ಜೋರು ನೋವಾದರೆ, ಬೆಳಕು ಮಿಂಚಿದರೆ, ತಲೆ ಅಲ್ಲಾಡಿಸದೆ ಬಾಯಿ ಬಿಟ್ಟು ಹೇಳಿ.

ಹೆಚ್ಚುಕಮ್ಮಿ ಆದರೆ ದಾಖಲೆ ಕೇಳುವುದು ಹಕ್ಕು. 2002ರ ವೈದ್ಯ ನಡತೆ ನಿಯಮಗಳಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆದರೆ ಮೊದಲ ಓಟ ವಕೀಲರ ಕಡೆಗಲ್ಲ, ಅಕ್ಷಿಪಟಲದ ಡಾಕ್ಟರ ಕಡೆಗೆ.

ಕೆಂಪು ಶಾಯಿಗೆ ಎಷ್ಟು ಖರ್ಚು?

ಆಪರೇಷನ್ನಿಗೆ ಮುಂಚೆ ರೋಗಿಯ ಹೆಸರು, ಯಾವ ಕಣ್ಣು, ಏನು ಅಪಾಯ ಎಂದು ಗಟ್ಟಿಯಾಗಿ ಓದಿ ಗುರುತು ಹಾಕುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಹೊರತಂದಿದೆ. ಅದಕ್ಕೆ ಕಣ್ಣಿನ ಉದ್ದ ಅಂತ ಒಂದು ಸಾಲು ಸೇರಿಸಿದರೆ ಯಾರ ಗಂಟು ಹೋಗುತ್ತೆ? 26 ಮಿ.ಮೀ. ದಾಟಿದವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ 'ಉದ್ದ ಕಣ್ಣು' ಅಂತ ಬರೆದು, ಅದೇ ಮಾತನ್ನು ಹಣೆಗೆ ಅಂಟಿಸುವ ಪಟ್ಟಿಯ ಮೇಲೂ ಬರೆದರೆ ಎಷ್ಟು ಖರ್ಚು? ಸರ್ಕಾರಿ, ಖಾಸಗಿ ಎನ್ನದೆ ಜಿಲ್ಲೆಯ ಕಣ್ಣಿನ ಆಸ್ಪತ್ರೆಗಳೆಲ್ಲ ನಾಳೆಯಿಂದಲೇ ಮಾಡಬಹುದಾದ ಕೆಲಸ ಇದು. ಜಿಲ್ಲಾ ಅಂಧತ್ವ ನಿವಾರಣೆಯ ಅಧಿಕಾರಿಗಳು ಇತ್ತ ಗಮನ ಹರಿಸುವರೇ?

ಮಂಡಿಪೇಟೆಯ ಯಜಮಾನ್ರು ಅಷ್ಟರವರೆಗೆ ಕಾಯುತ್ತಾ ಕೂತಿಲ್ಲ. ಮತ್ತೆ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಿದ್ದಾರೆ. ಸೋಡಾಬುಡ್ಡಿ ಕನ್ನಡಕದ ಗಿರಾಕಿ ಬಂದರೆ ಸಕ್ಕರೆ ಕಟ್ಟುವ ಮೊದಲು ಕೇಳುವುದು ಒಂದೇ ಮಾತು: "ಏನ್ರಿ, ನಿಮ್ಮ ನಂಬರ್ ಎಷ್ಟು?" ಗಿರಾಕಿ ಯಾಕೆ ಅಂತ ಕೇಳಿದರೆ ಗಲ್ಲಾಪೆಟ್ಟಿಗೆಯ ಖಾನೆ ಎಳೆದು 28.6 ಅಂತ ಬರೆದ ಆ ಹಳೇ ಚೀಟಿ ತೋರಿಸುತ್ತಾರೆ.